ಟ್ರಿಗರ್ ಹಾಕಿದರೆ ಮಿರರ್‌ಲೆಸ್ ಫೋಕಸ್ ಹುಡುಕಾಡುತ್ತದೆ, ಒಂದು ಫ್ಲ್ಯಾಶ್ ಬಿಟ್ಟುಬಿಟ್ಟು ಹೊಡೆಯುತ್ತದೆ: ಎಲ್ಲಿಂದ ಹುಡುಕೋದು?

ಛತ್ರದ_ಬೆಳಕು

ಎಲ್ಲರಿಗೂ ನಮಸ್ಕಾರ. ಆರತಕ್ಷತೆಯ ಸ್ಟೇಜ್ ಫೋಟೋಗಳಲ್ಲಿ ತೊಂದರೆ ಇದೆ. ಸೆಟಪ್ ಹೀಗಿದೆ: 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿ, 24-105 ಎಫ್ 4 ಲೆನ್ಸ್, ಹಾಟ್ ಶೂ (ಬಾಡಿಯ ನೆತ್ತಿಯ ಮೇಲೆ ಫ್ಲ್ಯಾಶ್ ಕೂರುವ ಜಾಗ) ಮೇಲೆ ರೇಡಿಯೋ ಟ್ರಿಗರ್ (ದೂರದ ಫ್ಲ್ಯಾಶ್ ಹೊಡೆಸುವ ಸಾಧನ), ಸ್ಟೇಜಿನ ಎರಡೂ ಪಕ್ಕ ಸ್ಟ್ಯಾಂಡ್ ಮೇಲೆ ಒಂದೊಂದು ಸ್ಪೀಡ್‌ಲೈಟ್ (ಬ್ಯಾಟರಿಯ ಚಿಕ್ಕ ಫ್ಲ್ಯಾಶ್). ಮ್ಯಾನ್ಯುಯಲ್ ಮೋಡ್, ಶಟರ್ 1/200, ಅಪರ್ಚರ್ (ಲೆನ್ಸಿನ ತೂತು) ಎಫ್ 8, ಐಎಸ್‌ಒ 800. ಎಎಫ್-ಸಿ (ಬಿಡದೆ ಫೋಕಸ್ ಹಿಂಬಾಲಿಸುವ ಮೋಡ್), ವೈಡ್ ಏರಿಯಾ (ಅಗಲ ಜಾಗದಲ್ಲಿ ಫೋಕಸ್ ಹುಡುಕುವುದು), ಮುಖ ಗುರುತಿಸುವಿಕೆ ಆನ್.

1. ಫೋಕಸ್ ಮುಂದೆ ಹಿಂದೆ ಓಡಾಡಿ ಒಂದೆರಡು ಸೆಕೆಂಡ್ ತಗೊಳ್ಳುತ್ತದೆ, ಕೆಲವು ಸಲ ಸಿಗುವುದೇ ಇಲ್ಲ. ವ್ಯೂಫೈಂಡರ್ ಕತ್ತಲು ಕತ್ತಲು.
2. ಎಡಗಡೆ ಫ್ಲ್ಯಾಶ್ ಐದಾರು ಶಾಟ್‌ಗೆ ಒಂದು ಸಲ ಹೊಡೆಯುವುದಿಲ್ಲ.
3. ಅದೇ ಫ್ಲ್ಯಾಶ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಮೇಲಿದ್ದಾಗ ಕೆಂಪು ಗೆರೆಗಳ ಬೆಳಕು ಬೀರಿ ಫೋಕಸ್‌ಗೆ ಸಹಾಯ ಮಾಡುತ್ತಿತ್ತು. ಮಿರರ್‌ಲೆಸ್ ಮೇಲೆ ಹಾಕಿದರೆ ಆ ಕೆಂಪು ಬೆಳಕು ಬರುವುದೇ ಇಲ್ಲ.

ಮೂರೂ ಒಂದೇ ದೋಷವಾ? ಬಾಡಿ ಸರ್ವಿಸ್‌ಗೆ ಕೊಡಬೇಕಾ?

ಕೆರೆಕೋಡಿ

ಫ್ಲ್ಯಾಶ್‌ನ ಕಸ್ಟಮ್ ಫಂಕ್ಷನ್‌ನಲ್ಲಿ ಎಎಫ್ ಅಸಿಸ್ಟ್ (ಫೋಕಸ್‌ಗೆ ನೆರವಾಗೋ ಬೆಳಕು) ಆಫ್ ಆಗಿರಬೇಕು ಸರ್. ಆನ್ ಮಾಡಿ, ಕೆಂಪು ಬೆಳಕು ಬರುತ್ತೆ.

ನಸುಕು_50ಎಂಎಂ

ಬರಲ್ಲ, ಕೆರೆಕೋಡಿಯವರೇ. ಅದು ಸೆಟ್ಟಿಂಗ್ ವಿಷಯ ಅಲ್ಲ, ಕ್ಯಾಮೆರಾದ ಒಳರಚನೆಯದು.

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್‌ಗೆ ಅಂತಲೇ ಬೇರೆ ಸೆನ್ಸರ್ ಇತ್ತು, ಕನ್ನಡಿ ಪೆಟ್ಟಿಗೆಯ ತಳದಲ್ಲಿ. ಮುಖ್ಯ ಕನ್ನಡಿಯ ಹಿಂದಿರುವ ಚಿಕ್ಕ ಕನ್ನಡಿ ಸ್ವಲ್ಪ ಬೆಳಕನ್ನು ಅಲ್ಲಿಗೆ ಇಳಿಸುತ್ತಿತ್ತು. ಫ್ಲ್ಯಾಶ್‌ನ ಕೆಂಪು ಗೆರೆಗಳನ್ನು ಆ ಸೆನ್ಸರ್‌ಗೆ ಕಾಣುವ ಹಾಗೆ, ಅದರ ಫೋಕಸ್ ಬಿಂದುಗಳ ಮೇಲೆ ಬೀಳುವ ಹಾಗೆ ಮಾಡಿದ್ದರು. ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯುವ ಪಿಕ್ಸೆಲ್‌ಗಳು ಚಿತ್ರ ತೆಗೆಯುವ ಸೆನ್ಸರ್ ಮೇಲೇ ಇವೆ. ಅದರ ಮುಂದೆ ಇನ್‌ಫ್ರಾರೆಡ್ ತಡೆಯುವ ಗಾಜು ಇರುತ್ತದೆ, ಕಡುಗೆಂಪು ಬೆಳಕಿನ ಬಹುಪಾಲು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಬಹುತೇಕ ಮಿರರ್‌ಲೆಸ್ ಬಾಡಿಗಳು "ಕೆಂಪು ದೀಪ ಹಚ್ಚು" ಅನ್ನುವ ಆದೇಶವನ್ನೇ ಫ್ಲ್ಯಾಶ್‌ಗೆ ಕಳಿಸುವುದಿಲ್ಲ. ಫ್ಲ್ಯಾಶ್ ಮೆನುವಿನಲ್ಲಿ ಆನ್ ಇದ್ದರೂ ಅಷ್ಟೇ.

ಕಂಪನಿಗಳು ಇದಕ್ಕೆ ಬಿಳಿ ಎಲ್‌ಇಡಿ ಇರುವ ಹೊಸ ಫ್ಲ್ಯಾಶ್ ತಂದಿವೆ. ಕ್ಯಾನನ್ ಇಎಲ್-5 ಅಂಥದ್ದು.

ಬಾಡಿಯ ಮೇಲಿರುವ ಚಿಕ್ಕ ಅಸಿಸ್ಟ್ ದೀಪದ ಕಥೆ ಬೇರೆ. ಅದು ಸೋನಿ, ನಿಕಾನ್ ಝಡ್, ಕ್ಯಾನನ್ ಆರ್ ಮೂರರಲ್ಲೂ ಒಂದು ಸಲ ಹಿಡಿದು ನಿಲ್ಲುವ ಮೋಡ್‌ನಲ್ಲಿ ಮಾತ್ರ ಉರಿಯುತ್ತದೆ (ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್). ಛತ್ರದ_ಬೆಳಕು ಅವರು ಎಎಫ್-ಸಿ ಇಟ್ಟಿದ್ದಾರೆ, ಆದ್ದರಿಂದ ಅದೂ ಉರಿದಿಲ್ಲ. ಎಎಫ್-ಎಸ್‌ಗೆ ಹಾಕಿದರೂ ಲೆನ್ಸ್ ಹುಡ್ ಅಡ್ಡ ಬರುತ್ತದಾ ನೋಡಿ. ಹುಡ್ ಹಾಕಿಕೊಂಡು ಗೋಡೆಗೆ ಹಿಡಿದು ಅರ್ಧ ಒತ್ತಿ, ಬೆಳಕಿನ ವೃತ್ತದ ಒಂದು ಪಕ್ಕ ಕತ್ತರಿಸಿದಂತೆ ಕಂಡರೆ ಹುಡ್ ತೆಗೆಯಿರಿ. ದೀಪದ ಮೇಲೆ ಬೆರಳು ಬರುವ ಹಿಡಿತವೂ ಇದೆ, ಅದನ್ನೂ ಗಮನಿಸಿ.

ಪಿನ್_ಐದು

ನಿಮ್ಮದು ಕನಿಷ್ಠ ಎರಡು ಬೇರೆ ಬೇರೆ ತೊಂದರೆ, ಒಂದೇ ಸಮಯಕ್ಕೆ ಬಂದಿವೆ ಅಷ್ಟೇ. ಬೆರೆಸಿ ಹುಡುಕಿದರೆ ಸಿಗಲ್ಲ. ಮೊದಲು ಇಷ್ಟು ಮಾಡಿ ಇಲ್ಲಿ ಬರೆಯಿರಿ:

ಅ) ಟ್ರಿಗರ್ ಪೂರ್ತಿ ತೆಗೆದಿಡಿ. ಅದೇ 1/200, ಎಫ್ 8, ಅದೇ ಮಂದ ಬೆಳಕು. ಫೋಕಸ್ ಹೇಗಿದೆ?
ಆ) ಬೇರೇನೂ ಮುಟ್ಟದೆ ಎಫ್ 8 ಇದ್ದದ್ದನ್ನು ಎಫ್ 4 ಮಾಡಿ. ಬದಲಾವಣೆ ಇದೆಯಾ?
ಇ) ಟ್ರಿಗರ್ ಹಾಕಿ, ಶಟರ್ ಮುಟ್ಟದೆ ಟ್ರಿಗರ್ ಮೇಲಿನ ಟೆಸ್ಟ್ ಗುಂಡಿಯನ್ನು 3 ಸೆಕೆಂಡಿಗೊಮ್ಮೆ 30 ಸಲ ಒತ್ತಿ. ಎಡ ಫ್ಲ್ಯಾಶ್ ಎಷ್ಟು ಸಲ ತಪ್ಪಿತು?
ಈ) ಈಗ ಶಟರ್‌ನಿಂದ 30 ಸಲ. ಎಷ್ಟು ತಪ್ಪಿತು?
ಉ) ಎಡ ಬಲ ಫ್ಲ್ಯಾಶ್‌ಗಳ ಜಾಗ ಬದಲಿಸಿ ಮತ್ತೆ 30. ತಪ್ಪುವುದು ಫ್ಲ್ಯಾಶ್ ಜೊತೆ ಹೋಯಿತಾ, ಜಾಗದಲ್ಲೇ ಉಳಿಯಿತಾ?

ಇ ಮತ್ತು ಈ ನಡುವಿನ ವ್ಯತ್ಯಾಸ ಮುಖ್ಯ. ಟೆಸ್ಟ್ ಗುಂಡಿಯಲ್ಲೂ ತಪ್ಪಿದರೆ ಗುಮಾನಿ ರೇಡಿಯೋ ಮೇಲೆ ಅಥವಾ ಬ್ಯಾಟರಿ ಮೇಲೆ. ಟೆಸ್ಟ್‌ನಲ್ಲಿ ಸರಿಯಾಗಿದ್ದು ಶಟರ್‌ನಲ್ಲಿ ತಪ್ಪಿದರೆ ಹಾಟ್ ಶೂ, ಪಿನ್ ಅಥವಾ ಕ್ಯಾಮೆರಾ ಸೆಟ್ಟಿಂಗ್ ಕಡೆ ನೋಡಬೇಕು. ಸರ್ವಿಸ್‌ಗೆ ಕೊಡುವ ಮಾತು ಆಮೇಲೆ.

ಛತ್ರದ_ಬೆಳಕು

ಧನ್ಯವಾದ ಸರ್. ಫಲಿತಾಂಶ:
ಅ) ಟ್ರಿಗರ್ ಇಲ್ಲದಿದ್ದರೂ ಫೋಕಸ್ ಅಷ್ಟೇ ನಿಧಾನ! ವ್ಯೂಫೈಂಡರ್ ಕತ್ತಲು ಅದೇ ಥರ.
ಆ) ಎಫ್ 4 ಮಾಡಿದರೆ ಬಹಳ ಬೇಗ ಹಿಡಿಯುತ್ತದೆ.
ಇ) ಟೆಸ್ಟ್ ಗುಂಡಿ: 30ರಲ್ಲಿ 4 ತಪ್ಪಿತು. ಮನೆಯಲ್ಲಿ ಮಾಡಿದ್ದು, ಫ್ಲ್ಯಾಶ್ ಒಂದು ಮೀಟರ್ ದೂರದಲ್ಲಿತ್ತು.
ಈ) ಶಟರ್: 30ರಲ್ಲಿ 9 ತಪ್ಪಿತು.
ಉ) ಜಾಗ ಬದಲಿಸಿದರೂ ತಪ್ಪಿದ್ದು ಎಡಗಡೆ ಇಟ್ಟಿದ್ದೇ. ಎಡಗಡೆಯದ್ದು ನನಗೆ ಹತ್ತಿರ, ಬಲಗಡೆಯದ್ದು 4 ಮೀಟರ್ ದೂರ.

ನಸುಕು_50ಎಂಎಂ

ಅ ಮತ್ತು ಆ ಉತ್ತರದಲ್ಲಿ ಫೋಕಸ್ ವಿಷಯ ಬಗೆಹರಿಯಿತು. ಟ್ರಿಗರ್ ನಿರಪರಾಧಿ.

ಲೆಕ್ಕ ನೋಡಿ. ಸ್ಟೇಜಿನ ಬೆಳಕಿಗೆ ಫ್ಲ್ಯಾಶ್ ಇಲ್ಲದೆ ಸರಿಯಾದ ಎಕ್ಸ್‌ಪೋಶರ್ 1/60, ಎಫ್ 2.8, ಐಎಸ್‌ಒ 800 ಅಂದುಕೊಳ್ಳೋಣ. ನೀವಿಟ್ಟದ್ದು 1/200, ಎಫ್ 8. ಎಫ್ 2.8ರಿಂದ ಎಫ್ 8ಕ್ಕೆ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ), 1/60ರಿಂದ 1/200ಕ್ಕೆ ಇನ್ನೂ ಒಂದೂಮುಕ್ಕಾಲು. ಒಟ್ಟು ನಾಲ್ಕೂಮುಕ್ಕಾಲು ಸ್ಟಾಪ್ ಕಡಿಮೆ, ಅಂದರೆ ಬೇಕಾದ ಬೆಳಕಿನ ಸುಮಾರು 27ನೇ ಒಂದು ಭಾಗ. ಫೋಟೋದಲ್ಲಿ ಆ ಕೊರತೆಯನ್ನು ಫ್ಲ್ಯಾಶ್ ತುಂಬುತ್ತದೆ. ಆದರೆ ಫ್ಲ್ಯಾಶ್ ಹೊಡೆಯುವುದು ಫೋಕಸ್ ಆದಮೇಲೆ. ಅಲ್ಲಿಯವರೆಗೆ ಕ್ಯಾಮೆರಾಗೆ ಸ್ಟೇಜಿನ ಬಲ್ಬುಗಳೇ ಗತಿ.

ವ್ಯೂಫೈಂಡರ್ ಕತ್ತಲು ಯಾಕೆಂದರೆ ಅದು "ಈ ಸೆಟ್ಟಿಂಗ್‌ನಲ್ಲಿ ಫೋಟೋ ಹೀಗೆ ಬರುತ್ತೆ" ಎಂದು ತೋರಿಸುತ್ತಿದೆ. ಅದನ್ನು ಆಫ್ ಮಾಡಬೇಕು. ಹೆಸರು ಕಂಪನಿಗೊಂದು: ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಒಳಗೆ ಸೆಟ್ಟಿಂಗ್ ಎಫೆಕ್ಟ್ ಆಫ್. ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್, ಹೊಸ ಬಾಡಿಗಳಲ್ಲಿ ಡಿಸ್‌ಪ್ಲೇ ಸಿಮ್ಯುಲೇಶನ್. ಫ್ಯೂಜಿಯಲ್ಲಿ ಮ್ಯಾನ್ಯುಯಲ್ ಮೋಡ್ ಪ್ರಿವ್ಯೂ. ಪ್ಯಾನಸಾನಿಕ್‌ನಲ್ಲಿ ಕಾನ್‌ಸ್ಟಂಟ್ ಪ್ರಿವ್ಯೂ. ಕಂಪನಿಯ ಭಾಷೆ ಮಾತಾಡುವ ಫ್ಲ್ಯಾಶ್ ಹಾಕಿದರೆ ಕೆಲವು ಬಾಡಿ ತಾನೇ ಬೆಳಗಿಸಿಕೊಳ್ಳುತ್ತವೆ. ಮಧ್ಯದ ಒಂದೇ ಪಿನ್ ಇರುವ ಅಗ್ಗದ ಟ್ರಿಗರ್ ಹಾಕಿದರೆ ಕ್ಯಾಮೆರಾಗೆ ಫ್ಲ್ಯಾಶ್ ಇದೆ ಅನ್ನೋದೇ ಗೊತ್ತಾಗುವುದಿಲ್ಲ, ಆಗ ನೀವೇ ಆಫ್ ಮಾಡಬೇಕು. ಇದನ್ನು ಒಂದು ಗುಂಡಿಗೆ ಕೊಟ್ಟಿಟ್ಟುಕೊಳ್ಳಿ, ಹೊರಾಂಗಣಕ್ಕೆ ಬಂದಾಗ ಮತ್ತೆ ಆನ್ ಬೇಕಾಗುತ್ತದೆ.

ಆದರೆ ಪರದೆ ಬೆಳಗಾದ ಮಾತ್ರಕ್ಕೆ ಫೋಕಸ್‌ಗೆ ಸಿಗುವ ಬೆಳಕು ಜಾಸ್ತಿ ಆಯಿತು ಅಂತಲ್ಲ. ಫೋಕಸ್ ಅಳೆಯುವಾಗ ಲೆನ್ಸ್ ತೆರೆದಿದೆಯಾ, ಎಫ್ 8ಕ್ಕೆ ಮುಚ್ಚಿದೆಯಾ ಅನ್ನುವುದು ನಿಜವಾದ ಪ್ರಶ್ನೆ. ಡಿಎಸ್‌ಎಲ್‌ಆರ್ ಯಾವಾಗಲೂ ಪೂರ್ತಿ ತೆರೆದೇ ಫೋಕಸ್ ಮಾಡುತ್ತಿತ್ತು. ಮಿರರ್‌ಲೆಸ್‌ನಲ್ಲಿ ಹಾಗಲ್ಲ. ಕಣ್ಣಾರೆ ನೋಡಬಹುದು: ಬಾಡಿಯನ್ನು ಟೇಬಲ್ ಮೇಲಿಟ್ಟು, ಮುಂದಿನಿಂದ ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು, ಶಟರ್ ಅರ್ಧ ಒತ್ತಿ. ಬ್ಲೇಡ್‌ಗಳು ಕೂಡಿ ನಡುವೆ ಚಿಕ್ಕ ತೂತು ಉಳಿದಿದ್ದರೆ ನಿಮ್ಮ ಬಾಡಿ ಮುಚ್ಚಿಕೊಂಡೇ ಫೋಕಸ್ ಹುಡುಕುತ್ತಿದೆ. ಎಫ್ 4ಕ್ಕಿಂತ ಎಫ್ 8ರಲ್ಲಿ ನಾಲ್ಕರಲ್ಲಿ ಒಂದು ಪಾಲು ಬೆಳಕು. ಜೊತೆಗೆ ತೂತು ಚಿಕ್ಕದಾದಷ್ಟೂ ಲೆನ್ಸಿನ ಎಡ ಬಲ ಅಂಚಿನಿಂದ ಬರುವ ಚಿತ್ರಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಫೇಸ್ ಡಿಟೆಕ್ಷನ್ (phase, ಮುಖ ಗುರುತಿಸುವುದಲ್ಲ; ಫೋಕಸ್ ಅಳೆಯುವ ವಿಧಾನ) ಅಳೆಯುವುದೇ ಆ ಅಂತರವನ್ನು.

ನಿಕಾನ್ ಝಡ್ ಬಾಡಿಗಳು ನೀವು ಎಫ್ 11 ಇಟ್ಟರೂ ಫೋಕಸ್ ವೇಳೆ ಎಫ್ 5.6ಕ್ಕಿಂತ ಮುಚ್ಚುವುದಿಲ್ಲ. ಸೋನಿಯ ಎ7 4, ಎ1 ಮೊದಲಾದವುಗಳಲ್ಲಿ ಅಪರ್ಚರ್ ಡ್ರೈವ್ ಇನ್ ಎಎಫ್ ಎಂಬ ಮೆನು ಇದೆ, ಅಲ್ಲಿ ಫೋಕಸ್ ಪ್ರಯಾರಿಟಿ ಆರಿಸಿ. ಬ್ಲೇಡ್‌ಗಳ ಟಿಕ್ ಟಿಕ್ ಸದ್ದು ಸ್ವಲ್ಪ ಜಾಸ್ತಿಯಾಗಬಹುದು, ಮದುವೆಮನೆಯಲ್ಲಿ ಯಾರಿಗೂ ಕೇಳಿಸಲ್ಲ.

ಕೆರೆಕೋಡಿ

ತಿದ್ದಿದ್ದಕ್ಕೆ ಧನ್ಯವಾದ. ಒಂದು ಅನುಮಾನ. ಬಾಕ್ಸ್ ಮೇಲೆ "ಮೈನಸ್ 4 ಇವಿವರೆಗೂ ಫೋಕಸ್" ಅಂತ ಬರೆದಿರ್ತಾರಲ್ಲ (ಇವಿ ಅಂದ್ರೆ ಬೆಳಕಿನ ಅಳತೆ, ಕಡಿಮೆ ಆದಷ್ಟೂ ಕತ್ತಲು), ಸ್ಟೇಜ್ ಅಷ್ಟೇನೂ ಕತ್ತಲಲ್ಲವಲ್ಲ?

ನಸುಕು_50ಎಂಎಂ

ಆ ಅಂಕಿಯ ಪಕ್ಕ ಚಿಕ್ಕ ಅಕ್ಷರದಲ್ಲಿ ಲೆನ್ಸಿನ ಷರತ್ತು ಇರುತ್ತದೆ. ಸೋನಿ ಎ7 4ರ ಮೈನಸ್ 4 ಇವಿ, ಎಫ್ 2 ಲೆನ್ಸಿಗೆ ಹೇಳಿದ್ದು. ಕ್ಯಾನನ್ ಆರ್6ರ ಮೈನಸ್ 6.5 ಇವಿ, ಎಫ್ 1.2 ಲೆನ್ಸಿಗೆ. ಎಫ್ 4ರಲ್ಲಿ ಎರಡು ಸ್ಟಾಪ್, ಎಫ್ 8ರಲ್ಲಿ ನಾಲ್ಕು ಸ್ಟಾಪ್ ಕಳೆದುಕೊಳ್ಳಿ: ಮೈನಸ್ 4 ಸುಮಾರು ಸೊನ್ನೆಗೆ ಬರುತ್ತದೆ. ಸ್ಟೇಜಿನ ಬೆಳಕು ಆಗಲೂ ಅದಕ್ಕಿಂತ ಮೇಲೇ ಇದೆ, ನಿಜ. ಆದರೆ ಆ ಮಿತಿ ಒಳ್ಳೆಯ ಕಾಂಟ್ರಾಸ್ಟ್ ಇರುವ, ಅಲುಗಾಡದ ಗುರಿಗೆ. "ಹಿಡಿಯುತ್ತದೆ" ಅನ್ನುವುದಕ್ಕೂ "ಬೇಗ ಹಿಡಿಯುತ್ತದೆ" ಅನ್ನುವುದಕ್ಕೂ ವ್ಯತ್ಯಾಸ ದೊಡ್ಡದು.

ಕಪ್ಪುಬಿಳುಪು

ಕಾಂಟ್ರಾಸ್ಟ್ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ, ಇದನ್ನು ಬಹಳ ಜನ ಬಾಡಿಯ ದೋಷ ಅಂತಲೇ ತಿಳಿದಿದ್ದಾರೆ.

ಹೆಚ್ಚಿನ ಮಿರರ್‌ಲೆಸ್ ಸೆನ್ಸರ್‌ಗಳ ಫೋಕಸ್ ಪಿಕ್ಸೆಲ್‌ಗಳು ಎಡ-ಬಲ ಜೋಡಿಯಾಗಿ ಇರುತ್ತವೆ. ಅವಕ್ಕೆ ನಿಂತ ಗೆರೆ ಚೆನ್ನಾಗಿ ಕಾಣುತ್ತದೆ, ಮಲಗಿದ ಗೆರೆ ಕಾಣುವುದು ಕಷ್ಟ. ಸೀರೆಯ ನೆರಿಗೆ ಮೇಲೆ ಬಿಂದು ಇಟ್ಟರೆ ಟಕ್ ಅಂತ ಹಿಡಿಯುತ್ತದೆ. ಅದೇ ಸೀರೆಯ ಕೆಳ ಅಂಚಿನ ಜರಿ ಮೇಲೆ ಅಥವಾ ಸ್ಟೇಜಿನ ಮೆಟ್ಟಿಲ ಅಂಚಿನ ಮೇಲೆ ಇಟ್ಟರೆ ಓಡಾಡುತ್ತದೆ. ಎರಡೂ ದಿಕ್ಕು ನೋಡುವ ಸೆನ್ಸರ್ ಇರುವ ಬಾಡಿ ಕಡಿಮೆ: ಒಎಂ ಸಿಸ್ಟಮ್‌ನ ಒಎಂ-1 (2022), ಕ್ಯಾನನ್ ಆರ್1 (2024) ಅಂಥವು.

ಪರೀಕ್ಷೆಗೆ ಕನ್ನಡ ಪತ್ರಿಕೆಯ ತಲೆಬರಹ ಬೇಡ. ನಮ್ಮ ಅಕ್ಷರ ದುಂಡು, ಎಲ್ಲ ದಿಕ್ಕಿನ ಅಂಚೂ ಸಿಗುವುದರಿಂದ ತೊಂದರೆ ಮುಚ್ಚಿಹೋಗುತ್ತದೆ. ಗೆರೆ ಹಾಕಿದ ನೋಟ್‌ಬುಕ್ ಹಾಳೆ ಗೋಡೆಗೆ ಅಂಟಿಸಿ, ಗೆರೆ ಅಡ್ಡ ಇರಲಿ, ಅಂಚುಗಳು ಫೋಕಸ್ ಚೌಕದ ಹೊರಗಿರಲಿ. ಕ್ಯಾಮೆರಾ ನೇರ ಹಿಡಿದು ಫೋಕಸ್ ಮಾಡಿ, ಆಮೇಲೆ 90 ಡಿಗ್ರಿ ತಿರುಗಿಸಿ ಮಾಡಿ. ತಿರುಗಿಸಿದಾಗ ಬೇಗ ಹಿಡಿದರೆ ಬಾಡಿ ಆರೋಗ್ಯವಾಗಿದೆ. ಕೆಲಸದ ನಡುವೆ ಸಿಕ್ಕಿಹಾಕಿಕೊಂಡರೆ ಕ್ಯಾಮೆರಾವನ್ನು 15-20 ಡಿಗ್ರಿ ವಾಲಿಸಿ ಫೋಕಸ್ ಹಿಡಿದು, ಎಎಫ್-ಎಸ್ ಲಾಕ್‌ನಲ್ಲಿ ನೆಟ್ಟಗೆ ಮಾಡಿ ತೆಗೆಯಿರಿ.

ಹುಬ್ಬಳ್ಳಿ_ಹಾಟ್‌ಶೂ

ಫ್ಲ್ಯಾಶ್ ಕಡೆ ನಾ ಹೇಳ್ತೀನಿ ನೋಡ್ರಿ. ಜಾಗ ಬದಲಿಸಿದ್ರೂ ಎಡಗಡೆದ್ದ ತಪ್ಪತೈತಿ ಅಂದ್ರ ಫ್ಲ್ಯಾಶ್ ಕೆಟ್ಟಿಲ್ಲ ಅಂತ ಆತು. ಹತ್ತಿರ ಇದ್ದದ್ದು ತಪ್ಪತೈತಿ, ದೂರದ್ದು ಬರೋಬ್ಬರಿ ಹೊಡೀತೈತಿ. ಇದು ರೇಂಜಿನ ಸೆಟ್ಟಿಂಗ್.

ಗೋಡಾಕ್ಸ್ ಎಕ್ಸ್‌ಪ್ರೋ ಥರದ 2.4 ಗಿಗಾಹರ್ಟ್ಸ್ ಟ್ರಿಗರ್‌ನ್ಯಾಗ ದೂರದ ಆಯ್ಕೆ ಎರಡು ಅದಾವ: 1-100 ಮೀಟರ್, 0-30 ಮೀಟರ್. 1-100ರಾಗ ಇಟ್ಟು ಫ್ಲ್ಯಾಶ್ ಮೀಟರಿಗಿಂತ ಹತ್ತಿರ ತಂದ್ರ ಸಿಗ್ನಲ್ ಜೋರಾಗಿ ರಿಸೀವರ್ ಗಲಿಬಿಲಿ ಆಗತೈತಿ. ಕಸ್ಟಮ್ ಫಂಕ್ಷನ್‌ನ್ಯಾಗ 0-30 ಮಾಡ್ರಿ. ಛತ್ರದಾಗ 30 ಮೀಟರ್ ಧಾರಾಳ ಸಾಕು.

ಅದರ ಜೋಡಿ ಚಾನೆಲ್‌ನೂ ಬದಲಿಸ್ರಿ. 1 ರಿಂದ 32ರ ತನಕ ಅದಾವ, ಎಲ್ಲಾರೂ 1ರಾಗ ಬಿಟ್ಟಿರ್ತಾರ. ವಯರ್‌ಲೆಸ್ ಐಡಿ ಆಫ್ ಇರತೈತಿ, ಅದಕ್ಕೊಂದು ನಂಬರ್ ಕೊಡ್ರಿ, ಟ್ರಿಗರ್ ಮತ್ತ ಎರಡೂ ಫ್ಲ್ಯಾಶ್‌ನ್ಯಾಗ ಒಂದ ನಂಬರ್ ಇರಬೇಕು. ಒಂದ ಛತ್ರದಾಗ ಮ್ಯಾಲೊಂದು ಕೆಳಗೊಂದು ಮದುವಿ ಇದ್ದಾಗ ಅವರ ಟ್ರಿಗರ್‌ಗೆ ನಿಮ್ಮ ಫ್ಲ್ಯಾಶ್ ಹೊಡದು, ನೀವು ಒತ್ತುವಾಗ ಅದು ಚಾರ್ಜ್ ಆಗಾಕತ್ತಿರತೈತಿ.

ಟ್ರಿಗರ್ ಹಿಂದಿನ ಅಕ್ಷರನೂ ನೋಡ್ರಿ: ಸಿ ಕ್ಯಾನನ್‌ಗೆ, ಎನ್ ನಿಕಾನ್‌ಗೆ, ಎಸ್ ಸೋನಿಗೆ, ಎಫ್ ಫ್ಯೂಜಿಗೆ. ಟ್ರಿಗರ್ ಕ್ಯಾಮೆರಾಕ್ಕ ಹೊಂದಬೇಕು. ಸ್ಟ್ಯಾಂಡ್ ಮ್ಯಾಲಿನ ಫ್ಲ್ಯಾಶ್ ಯಾವ ಅಕ್ಷರದ್ದಿದ್ರೂ ರೇಡಿಯೋದಾಗ ನಡೀತೈತಿ.

ಪಿನ್_ಐದು

ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ಅದು ಟೆಸ್ಟ್ ಗುಂಡಿಯ 4 ತಪ್ಪನ್ನು ಮಾತ್ರ ವಿವರಿಸುತ್ತದೆ. ಶಟರ್‌ನಲ್ಲಿ 9 ಆಗಿದೆ. 0-30 ಮಾಡಿದ ಮೇಲೂ ಶಟರ್‌ನಲ್ಲಿ ತಪ್ಪಿದರೆ ಸಂಪರ್ಕ ನೋಡಲೇಬೇಕು.

ಹಾಟ್ ಶೂನಲ್ಲಿ ಫ್ಲ್ಯಾಶ್ ಹೊಡೆಸುವುದು ಎರಡೇ ಬಿಂದು: ನಡುವಿನ ದೊಡ್ಡ ಪಿನ್ ಮತ್ತು ಪಕ್ಕದ ಲೋಹದ ಹಳಿ. ಉಳಿದ ಚಿಕ್ಕ ಪಿನ್‌ಗಳು ಟಿಟಿಎಲ್ (ಫ್ಲ್ಯಾಶ್ ಶಕ್ತಿಯನ್ನು ಕ್ಯಾಮೆರಾವೇ ನಿರ್ಧರಿಸುವ) ಮಾತುಕತೆಗೆ. ಎಲ್ಲರೂ ಪಿನ್ ಒರೆಸುತ್ತಾರೆ, ಹಳಿ ಮರೆಯುತ್ತಾರೆ. ಬೆವರು, ಧೂಳು ಸೇರಿ ಹಳಿಯ ಒಳಮೈ ಮೇಲೆ ಕಂದು ಪೊರೆ ಕಟ್ಟಿರುತ್ತದೆ.

ಕ್ಯಾಮೆರಾ ಆಫ್, ಬ್ಯಾಟರಿ ಹೊರಗೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿಗೆ ತೇವವಾಗುವಷ್ಟೇ, ತೊಟ್ಟಿಕ್ಕಬಾರದು. ಬಾಡಿಯನ್ನು ತಲೆಕೆಳಗು ಹಿಡಿದು ಒರೆಸಿ, ದ್ರವ ಒಳಗೆ ಇಳಿಯುವುದಿಲ್ಲ. ಹಳಿಯ ಒಳ ಮಡಿಕೆಗೆ ಹಲ್ಲುಕಡ್ಡಿಗೆ ಸುತ್ತಿದ ಹತ್ತಿ. ಐದು ನಿಮಿಷ ಆರಲು ಬಿಡಿ. ಟ್ರಿಗರ್‌ನ ಪಾದಕ್ಕೂ ಇದೇ ಉಪಚಾರ. ಮರಳು ಕಾಗದ, ಬ್ಲೇಡ್ ಬೇಡವೇ ಬೇಡ, ಮೇಲಿನ ಲೇಪನ ಹೋದರೆ ತುಕ್ಕು ಬೇಗ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯೂ ಬೇಡ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಟ್ರಿಗರ್‌ನ ನಡು ಪಿನ್ ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಉಗುರಿನಿಂದ ಒತ್ತಿ ಬಿಡಿ, ತಟ್ಟನೆ ಮೇಲೆ ಬರಬೇಕು. ಒತ್ತಿದಲ್ಲೇ ಉಳಿದರೆ ಅಥವಾ ವಾಲಿಕೊಂಡು ಬಂದರೆ ಟ್ರಿಗರ್ ಪಾದ ಬದಲಿಸಬೇಕು.

ಸೋನಿಯ ಮಲ್ಟಿ ಇಂಟರ್‌ಫೇಸ್ ಶೂ ಬೇರೆ ಥರ. ಮುಂದಿನ ಅಂಚಿನ ಅಡಿಯಲ್ಲಿ ಕೂದಲಿನಷ್ಟು ಸಣ್ಣ ಸಂಪರ್ಕಗಳ ಸಾಲು ಇದೆ. ಟ್ರಿಗರ್ ಪೂರ್ತಿ ಮುಂದಕ್ಕೆ ಹೋಗದೆ ಅರ್ಧ ಮಿಲಿಮೀಟರ್ ಹಿಂದೆ ನಿಂತರೂ ಸಂಪರ್ಕ ಬಿಡುತ್ತದೆ. ತಳ್ಳುವಾಗ ಓರೆಯಾಗಿ ತಳ್ಳಬೇಡಿ, ಲಾಕ್ ಬಿಗಿ ಮಾಡಿದ ಮೇಲೆ ಬೆರಳಿನಿಂದ ಎಡಬಲ ಅಲ್ಲಾಡಿಸಿ ನೋಡಿ. ಭಾರದ ಫ್ಲ್ಯಾಶ್ ಹಾಕಿ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವವರಲ್ಲಿ ಈ ತೊಂದರೆ ಹೆಚ್ಚು. ಕ್ಯಾನನ್ ಆರ್3ರಿಂದ (2021) ಬಂದ ಮಲ್ಟಿ ಫಂಕ್ಷನ್ ಶೂಗೂ ಒಂದು ವಿಷಯ ಇದೆ: ಪಾದದ ಸುತ್ತ ರಬ್ಬರ್ ಸೀಲ್ ಇರುವ 600ಇಎಕ್ಸ್, ಇಎಲ್-1 ಥರದ ಫ್ಲ್ಯಾಶ್ ನೇರ ಕೂರುವುದಿಲ್ಲ, ಎಡಿ-ಇ1 ಅಡಾಪ್ಟರ್ ಬೇಕು. ಒತ್ತಾಯದಿಂದ ತುರುಕಬೇಡಿ.

ಮನೆಯಲ್ಲಿ ಹಳೆಯ ಫಿಲ್ಮ್ ಕಾಲದ ಫ್ಲ್ಯಾಶ್ ಇದ್ದು ಅದನ್ನು ಹಾಕಿ ಪರೀಕ್ಷೆ ಮಾಡೋಣ ಅನ್ನಿಸಿದರೆ, ತಡೆಯಿರಿ. ಕೆಲವದರ ನಡು ಪಿನ್‌ನಲ್ಲಿ 200 ವೋಲ್ಟ್ ದಾಟಿದ ಒತ್ತಡ ಇರುತ್ತದೆ. ಮಲ್ಟಿಮೀಟರ್ ಡಿಸಿಗೆ ಹಾಕಿ, ಫ್ಲ್ಯಾಶ್ ಚಾರ್ಜ್ ಆದಮೇಲೆ ನಡು ಪಿನ್ ಮತ್ತು ಪಕ್ಕದ ಲೋಹದ ನಡುವೆ ಅಳೆದು, ಕ್ಯಾಮೆರಾದ ಕೈಪಿಡಿ ಹೇಳುವ ಮಿತಿಯ ಒಳಗಿದ್ದರೆ ಮಾತ್ರ ಹಾಕಿ.

ಛತ್ರದ_ಬೆಳಕು

0-30 ಮೀಟರ್, ಚಾನೆಲ್ 17, ಐಡಿ 42. ಟೆಸ್ಟ್ ಗುಂಡಿ: 30ಕ್ಕೆ 30. ಶೂ ಒರೆಸುವ ಮೊದಲು ಶಟರ್‌ನಿಂದ 30ಕ್ಕೆ 26. ಒರೆಸಿದ ಮೇಲೆ 30ಕ್ಕೆ 30. ಹತ್ತಿ ಕಡ್ಡಿ ಹಳಿಯ ಒಳಗಿಂದ ಕಪ್ಪಾಗಿ ಬಂತು.

ಪ್ರಿವ್ಯೂ ಆಫ್ ಮಾಡಿದೆ. ಟಾರ್ಚ್ ಬಿಟ್ಟು ನೋಡಿದೆ, ಅರ್ಧ ಒತ್ತಿದಾಗ ಬ್ಲೇಡ್ ಮುಚ್ಚಿಯೇ ಇರುತ್ತದೆ. ನನ್ನ ಬಾಡಿಯಲ್ಲಿ ಅದನ್ನು ಬದಲಿಸುವ ಮೆನು ಇಲ್ಲ. ಗುಂಪು ಫೋಟೋಗೆ ಎಫ್ 8 ಬಿಟ್ಟರೆ ಹಿಂದಿನ ಸಾಲು ಮಸುಕಾಗುವ ಭಯ.

ನಸುಕು_50ಎಂಎಂ

ಅಷ್ಟು ಭಯ ಬೇಡ. ಫುಲ್ ಫ್ರೇಮ್‌ನಲ್ಲಿ 35 ಎಂಎಂ, 4 ಮೀಟರ್ ದೂರ, ಎಫ್ 5.6 ಇದ್ದರೆ ಸುಮಾರು 2.75 ಮೀಟರ್‌ನಿಂದ 7 ಮೀಟರ್‌ವರೆಗೆ ಚೂಪು ಸಿಗುತ್ತದೆ. ಎರಡು ಸಾಲಿಗೆ ಧಾರಾಳ. ಫೋಕಸ್ ಮುಂದಿನ ಸಾಲಿನ ಕಣ್ಣಿಗೆ ಇಡಿ. ಎಫ್ 5.6ಕ್ಕೆ ಬಂದರೆ ಫೋಕಸ್‌ಗೂ ಒಂದು ಸ್ಟಾಪ್ ಬೆಳಕು ಸಿಕ್ಕಿತು, ಫ್ಲ್ಯಾಶ್ ಶಕ್ತಿಯೂ ಅರ್ಧ ಸಾಕು, 1/2 ಇದ್ದದ್ದು 1/4 ಆಗುತ್ತದೆ, ಚಾರ್ಜ್ ಬೇಗ ಆಗುತ್ತದೆ.

ಇನ್ನೊಂದು ದಾರಿ: ಫೋಕಸ್‌ಗೆ ಅಂತಲೇ ಬೆಳಕು ಕೊಡಿ. ಫ್ಲ್ಯಾಶ್‌ನಲ್ಲಿ ಮಾಡೆಲಿಂಗ್ ಲ್ಯಾಂಪ್ ಅನ್ನುವ ಸತತ ಉರಿಯುವ ದೀಪ ಇದ್ದರೆ (ಗೋಡಾಕ್ಸ್ ವಿ1ರಲ್ಲಿದೆ) ಒಂದು ಪಕ್ಕದ್ದನ್ನು ಹಚ್ಚಿಡಿ. ಇಲ್ಲದಿದ್ದರೆ 10 ವ್ಯಾಟ್‌ನ ಚಿಕ್ಕ ಬಿಳಿ ಎಲ್‌ಇಡಿ ಪ್ಯಾನೆಲ್ ಅದೇ ಸ್ಟ್ಯಾಂಡ್‌ಗೆ ಕಟ್ಟಿ ಮುಖಗಳ ಕಡೆ ತಿರುಗಿಸಿ. 1/200, ಎಫ್ 5.6ರಲ್ಲಿ ಅದು ಫೋಟೋದಲ್ಲಿ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ, ಫೋಕಸ್‌ಗೆ ಮಾತ್ರ ಊರುಗೋಲು.

ವೈಡ್ ಏರಿಯಾ ಬಿಡಿ. ಹಿಂದಿನ ಸೀರಿಯಲ್ ಸೆಟ್ ದೀಪಗಳೇ ಅತಿ ಹೆಚ್ಚು ಕಾಂಟ್ರಾಸ್ಟ್ ಇರುವ ಜಾಗ, ಮದುಮಗಳು ತಲೆ ಬಗ್ಗಿಸಿ ಮುಖ ಕಾಣದಾದ ಕ್ಷಣವೇ ಫೋಕಸ್ ಅಲ್ಲಿಗೆ ಓಡುತ್ತದೆ. ನಿಂತ ಗುಂಪಿಗೆ ಎಎಫ್-ಎಸ್, ಮಧ್ಯಮ ಚೌಕ. ಅಕ್ಷತೆ ಹಾಕುವ, ಹಾರ ಬದಲಿಸುವ ಹೊತ್ತಿಗೆ ಎಎಫ್-ಸಿ, ಚಿಕ್ಕ ಚೌಕದಿಂದ ಶುರುವಾಗುವ ಟ್ರ್ಯಾಕಿಂಗ್, ಮತ್ತು ಪ್ರಯಾರಿಟಿ ಸೆಟ್ಟಿಂಗ್ ರಿಲೀಸ್‌ನಲ್ಲಿದ್ದರೆ ಫೋಕಸ್ ಕಡೆಗೆ ಬದಲಿಸಿ. ರಿಲೀಸ್‌ನಲ್ಲಿದ್ದರೆ ಫೋಕಸ್ ಸಿಗದಿದ್ದರೂ ಶಟರ್ ಬೀಳುತ್ತದೆ.

ಕಪ್ಪುಬಿಳುಪು

ಸ್ಟೇಜಿನ ಹಿಂದೆ ಎಲ್‌ಇಡಿ ವಾಲ್ ಇದ್ದರೆ ಇದನ್ನೂ ನೋಡಿ. ಫೋಟೋದಲ್ಲಿ ಸಮಾನಾಂತರ ಪಟ್ಟಿಗಳು ಬಂದರೆ ಫ್ಲ್ಯಾಶ್ ಬೈಯಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೆ 1/100 ಅಥವಾ 1/50 ಮದ್ದು. ಕ್ಯಾನನ್‌ನ ಆ್ಯಂಟಿ ಫ್ಲಿಕರ್ 100 ಮತ್ತು 120 ಹರ್ಟ್ಸ್ ಮಿನುಗನ್ನಷ್ಟೇ ಗುರುತಿಸುತ್ತದೆ. ಎಲ್‌ಇಡಿ ವಾಲ್ ಅದಕ್ಕಿಂತ ಎಷ್ಟೋ ವೇಗವಾಗಿ ಮಿನುಗುವುದರಿಂದ ಆ ಸೆಟ್ಟಿಂಗ್‌ಗೆ ಸಿಗುವುದಿಲ್ಲ. ಅಲ್ಲಿ ಶಟರ್ ಇನ್ನೂ ನಿಧಾನ ಮಾಡಿ, ಮೆಕ್ಯಾನಿಕಲ್ ಶಟರ್ ಇಡಿ.

ಪಟ್ಟಿ ಒಂದೇ, ಫ್ರೇಮಿನ ಉದ್ದ ಅಂಚಿಗೆ ಅಂಟಿಕೊಂಡು ಕಪ್ಪಗಿದ್ದರೆ ಅದು ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) ಮೀರಿದ್ದು. ಕ್ಯಾನನ್ ಆರ್6 ಮೆಕ್ಯಾನಿಕಲ್ ಶಟರ್‌ನಲ್ಲಿ 1/200, ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್‌ನಲ್ಲಿ 1/250. ರೇಡಿಯೋ ಟ್ರಿಗರ್‌ನಲ್ಲಿ ಅತ್ಯಲ್ಪ ತಡ ಸೇರುವುದರಿಂದ 1/160ಕ್ಕೆ ಇಳಿಸಿ ನೋಡಿ. ಮತ್ತೆ, ಯಾರಾದರೂ ಪೂಜೆ ಹೊತ್ತಿಗೆ ಸೈಲೆಂಟ್ ಶಟರ್ ಆನ್ ಮಾಡಿ ಮರೆತಿದ್ದರೆ ಬಹುತೇಕ ಬಾಡಿಗಳಲ್ಲಿ ಫ್ಲ್ಯಾಶ್ ಹೊಡೆಯುವುದೇ ಇಲ್ಲ. ನಿಕಾನ್ ಝಡ್9, ಸೋನಿಯ ಎ1, ಎ9 3 ಥರದ ಕೆಲವು ಮಾತ್ರ ಇದಕ್ಕೆ ಹೊರತು.

ಹುಬ್ಬಳ್ಳಿ_ಹಾಟ್‌ಶೂ

ಬ್ಯಾಟರಿ ಯಾವುದು ಅಂತ ಹೇಳಲಿಲ್ಲಲ್ರೀ? ಸ್ಪೀಡ್‌ಲೈಟಿಗೆ ನಾಲ್ಕು ಎಎ ಇದ್ರ ರೀಚಾರ್ಜ್ ಆಗೋ ನಿಕಲ್ ಮೆಟಲ್ ಹೈಡ್ರೈಡ್ ಹಾಕ್ರಿ, 2000 ಎಂಎಎಚ್ ಸುಮಾರಿಂದು. ಆಲ್ಕಲೈನ್ ಸೆಲ್ 1.5 ವೋಲ್ಟ್ ಅಂತ ಬರದಿದ್ರೂ ಬಳಸಿದಂಗ ಒಳಗಿನ ತಡೆ ಹೆಚ್ಚಾಗಿ ಚಾರ್ಜ್ ತಡ ಆಗತೈತಿ. ನಾಲ್ಕೂ ಒಂದ ದಿನ ಕೊಂಡದ್ದು, ಕೂಡಿ ಚಾರ್ಜ್ ಮಾಡಿದ್ದು ಇರಬೇಕು, ಒಂದು ಸೊರಗಿದ್ರ ನಾಲ್ಕೂ ಸೊರಗಿದಂಗ. ಸೆಟ್‌ಗೆ 1, 2 ಅಂತ ಮಾರ್ಕರ್‌ನಿಂದ ಬರದಿಡ್ರಿ.

ಛತ್ರದ_ಬೆಳಕು

ಎಡಗಡೆ ಫ್ಲ್ಯಾಶ್‌ನಲ್ಲಿ ಮೂರು ರೀಚಾರ್ಜಬಲ್, ಒಂದು ಆಲ್ಕಲೈನ್ ಇತ್ತು. ಇವತ್ತೇ ಎರಡೂ ಫ್ಲ್ಯಾಶ್‌ಗೆ ಹೊಸ ಸೆಟ್ ಹಾಕುತ್ತೇನೆ. ಎಫ್ 5.6, 1/160, ಎಎಫ್-ಎಸ್, ಪಕ್ಕದಲ್ಲಿ 10 ವ್ಯಾಟ್ ಪ್ಯಾನೆಲ್, ಇಷ್ಟನ್ನು ಮಂದ ಬೆಳಕಿನ ಹಾಲ್‌ನಲ್ಲಿ ಈಗ ನೋಡಿದೆ: 20ರಲ್ಲಿ 20 ಸಲ ಅರ್ಧ ಸೆಕೆಂಡಿನೊಳಗೆ ಹಿಡಿಯಿತು.

ಪಿನ್_ಐದು

ಪ್ಯಾನೆಲ್ ತೆಗೆದು ಇನ್ನೊಮ್ಮೆ 20 ಮಾಡಿ, ಎಷ್ಟು ಬರುತ್ತದೆ ಬರೆಯಿರಿ. 15ಕ್ಕಿಂತ ಕಡಿಮೆ ಬಂದರೆ ಪ್ಯಾನೆಲ್‌ಗೂ ಒಂದು ಬಿಡಿ ಬ್ಯಾಟರಿ ಬ್ಯಾಗಿನಲ್ಲಿರಲಿ.